ದೊಡ್ಡ ಹಗಲಿನ ರಫು

ನಮ್ಮ ಬೀದಿಯಲ್ಲಿ ಕೋಟಿಗೆ ಮೊಳೆ ಸಿಕ್ಕಿ ಹರಿದರೆ, ಶಾಲಿಗೆ ನುಸಿ ಬಿದ್ದರೆ, ಹೊಸ ಪ್ಯಾಂಟಿಗೆ ಕಿಡಿ ತಾಗಿ ತೂತಾದರೆ ಜನ ರಫು ಅಣ್ಣನ ಅಂಗಡಿಗೆ ಬರುತ್ತಾರೆ. ಹೊಲಿಸುವುದಕ್ಕಲ್ಲ, ಹೊಲಿಗೆಯಾದರೆ ಕಾಣುತ್ತದೆ. ರಫು ಎಂದರೆ ಹೋದ ಎಳೆಗಳನ್ನು ಸೂಜಿಯಲ್ಲಿ ಮತ್ತೆ ನೇಯುವುದು. ಉದ್ದಕ್ಕೊಂದು, ಅಡ್ಡಕ್ಕೊಂದು, ಒಂದರ ಮೇಲೆ ಹೋಗಿ ಇನ್ನೊಂದರ ಕೆಳಗೆ. ಮುಗಿದ ಮೇಲೆ ತೂತು ಎಲ್ಲಿತ್ತು ಎಂಬುದು ಆ ಬಟ್ಟೆಗೇ ಮರೆತುಹೋಗಿರಬೇಕು.

ಅವರ ಮೇಜಿನ ಇನ್ನೊಂದು ತುದಿಯಲ್ಲಿ ಹನ್ನೊಂದು ವರ್ಷದಿಂದ ನಾನು ಕೂರುತ್ತೇನೆ. ಪಕ್ಕದ ಟೈಲರ್ ಅಂಗಡಿಯ ಶರ್ಟುಗಳಿಗೆ ಕಾಜಾ ಹಾಕಿ ಗುಂಡಿ ಕಟ್ಟುವುದು ನನ್ನ ಕೆಲಸ. ಟೈಲರ್ ಅಂಗಡಿಯಲ್ಲಿ ಜಾಗವಿಲ್ಲ, ರಫು ಅಣ್ಣನಲ್ಲಿ ಕಿಟಕಿ ಇದೆ. ಆ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಮಾತ್ರ ದಿನವಿಡೀ ಒಂದೇ ಹದದಲ್ಲಿ ಬರುತ್ತದೆ. ಅಣ್ಣನ ಅಂಗಡಿಯಲ್ಲಿ ಒಂದು ಬಲ್ಬೂ ಇಲ್ಲ. ಬೆಳಕು ಇಳಿದರೆ ಬಾಗಿಲು ಹಾಕುತ್ತಾರೆ. "ಬಲ್ಬು ಸುಳ್ಳು ಹೇಳತ್ತೆ ತಂಗಿ," ಎನ್ನುತ್ತಾರೆ. "ಅದರ ಕೆಳಗೆ ಎಲ್ಲಾ ಕಪ್ಪೂ ಅಣ್ಣತಮ್ಮಂದಿರ ಹಾಗೇ ಇರತ್ತೆ. ಹೊರಗೆ ತಗೊಂಡ್ಹೋಗು, ಪಾಲು ಕೇಳೋಕೆ ನಿಲ್ಲತ್ತೆ."

ಅವರಿಗೆ ಈಗ ಅರವತ್ತೇಳು. ಮದುವೆಯಾಗಲಿಲ್ಲ. ಆ ಕಥೆಯನ್ನು ಅವರ ಅಕ್ಕನ ಬಾಯಲ್ಲೇ ಕೇಳಬೇಕು. "ಮಾತುಕತೆಗೆ ಅಂತ ಕರ್ಕೊಂಡ್ಹೋದೆ. ಹುಡುಗಿ ಎದುರಿಗೆ ಕೂತಿದಾಳೆ, ಚೆಂದ ಇದಾಳೆ. ಇವನು ಹುಡುಗಿ ಅಪ್ಪನ ಮೊಣಕೈ ನೋಡ್ತಾ ಕೂತಿದಾನೆ! ಕೋಟಲ್ಲಿ ತೂತಿತ್ತಂತೆ. ವಾಪಸ್ ಬರುವಾಗ ಹುಡುಗಿ ಬರಲಿಲ್ಲ, ಕೋಟು ಬಂತು."

ಅಕ್ಕ ಅಣ್ಣನಿಗಿಂತ ಐದು ವರ್ಷ ದೊಡ್ಡವರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರಾದ್ದರಿಂದ ಎದುರಿಗಿರುವವರೂ ದೂರದೂರಿನಲ್ಲಿದ್ದಾರೆ ಎಂಬಂತೆ ಮಾತಾಡುತ್ತಾರೆ. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಇದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಇದ್ದಾರೆ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಊಟದ ಹೊತ್ತಿಗೆ ತಮ್ಮ ಹತ್ತು ನಿಮಿಷ ತಡ ಮಾಡಿದರೆ ಮೆಟ್ಟಿಲ ಮೇಲಿಂದ ದನಿ ಇಳಿಯುತ್ತದೆ: "ಪುಟ್ಟಾ! ಲೈನಲ್ಲಿದೀಯೇನೋ?" ಅರವತ್ತೇಳರ ಪುಟ್ಟ ಸೂಜಿ ಚುಚ್ಚಿಟ್ಟು ಏಳುತ್ತಾರೆ.

ಅಣ್ಣನ ಆಸ್ತಿಯೆಂದರೆ ಒಂದು ಬಿಸ್ಕತ್ತಿನ ಡಬ್ಬಿ. ಬಟ್ಟೆಯ ಒಳಮಡಿಕೆಯಲ್ಲಿ ಹೆಚ್ಚಿನ ಎಳೆ ಇದ್ದರೆ ಅಲ್ಲಿಂದಲೇ ಕಿತ್ತು ರಫು ಮಾಡಬಹುದು. ಇಲ್ಲದಿದ್ದರೆ ಎಳೆಯನ್ನು ಬೇರೆಲ್ಲಿಂದಾದರೂ ತರಬೇಕು. ಅದಕ್ಕಾಗಿ ನಲವತ್ತೆಂಟು ವರ್ಷಗಳಿಂದ ಹಳೆ ಬಟ್ಟೆಗಳಿಂದ ಬಿಡಿಸಿದ ಎಳೆಗಳನ್ನು ಅವರು ಇಸ್ಪೀಟೆಲೆಗಳ ಮೇಲೆ ಸುತ್ತಿಟ್ಟುಕೊಂಡಿದ್ದಾರೆ. ಐವತ್ತೆರಡು ಎಲೆ, ಐವತ್ತೆರಡು ಬಣ್ಣ. ಮೂಲೆಯ ಅಂಕಿ ಕಾಣುವಂತೆ ನಡುವೆ ಸುತ್ತಿರುತ್ತಾರೆ. ಆಟೀನ್ ರಾಣಿಯ ಮೇಲೆ ಒಣಗಿದ ಗುಲಾಬಿ, ಡೈಮಂಡ್ ಎಕ್ಕದ ಮೇಲೆ ಗೋಧಿ, ಕಳಾವರ್ ಎಂಟರ ಮೇಲೆ ಕಡುನೀಲಿ. ಜೋಕರ್ ಮೇಲೂ ಒಂದು ಎಳೆ ಇದೆ. ಅದರ ಬಣ್ಣ ಯಾವುದೆಂದು ಅವರಿಗೂ ತೀರ್ಮಾನವಾಗಿಲ್ಲ.

ಇನ್ನು ದೊಡ್ಡ ಹಗಲಿನ ವಿಚಾರ ಹೇಳಬೇಕು.

ವರ್ಷದಲ್ಲಿ ಹಗಲು ಅತಿ ಉದ್ದವಾಗಿರುವ ದಿನವನ್ನು ಈ ಅಕ್ಕ ತಮ್ಮ ದೊಡ್ಡ ಹಗಲು ಎನ್ನುತ್ತಾರೆ. ಅಣ್ಣ ಹತ್ತೊಂಬತ್ತರ ಹುಡುಗನಾಗಿ ಕೆಲಸ ಕಲಿಯುತ್ತಿದ್ದಾಗ ಒಂದು ಸಂಜೆ ದೀಪದ ಬೆಳಕಿನಲ್ಲಿ ಬೂದು ಬಣ್ಣದ ಕೋಟಿಗೆ ರಫು ಮಾಡಿ ಕೆಡಿಸಿದರಂತೆ. ಅವರ ಗುರು ಬಯ್ಯಲಿಲ್ಲ. ಮಾರನೆಯ ದಿನ ದೊಡ್ಡ ಹಗಲು. ಒಂದು ಬೂದು ತುಂಡು ಕೈಗೆ ಕೊಟ್ಟು, ತಾರಸಿಯ ಮೇಲೆ ಕೂರಿಸಿ, "ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ ಇದನ್ನ ನೋಡು. ಇದರ ಬಣ್ಣ ಏನು ಅಂತ ಸಂಜೆ ಹೇಳು," ಎಂದರಂತೆ. ಹುಡುಗ ನೋಡಿದ. ಬೆಳಗಿನಲ್ಲಿ ನೀಲಿ ಬೂದು, ಹತ್ತು ಗಂಟೆಗೆ ಬೆಳ್ಳಿ, ನಡುಹಗಲಲ್ಲಿ ಸುಣ್ಣ, ಇಳಿಹೊತ್ತಿನಲ್ಲಿ ಜೇನು. ಸಂಜೆ ಕೆಳಗಿಳಿದು, "ಇದು ಒಂದು ಬಣ್ಣ ಅಲ್ಲ, ಹನ್ನೊಂದು," ಎಂದ. "ನಾಳೆಯಿಂದ ಸೂಜಿ ಹಿಡಿ," ಎಂದರಂತೆ ಗುರು.

ಅಂದು ಊಟ ಕೊಡಲು ತಾರಸಿಗೆ ಹೋಗಿದ್ದ ಅಕ್ಕ ತಮ್ಮನನ್ನು ಆಡಿಕೊಳ್ಳುತ್ತಾ ತಾವೂ ಅಲ್ಲೇ ಕೂತುಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ವರ್ಷಕ್ಕೊಮ್ಮೆ ಆ ದಿನ ಅಂಗಡಿ ಮುಚ್ಚುತ್ತದೆ. ಮನೆಯ ಗಡಿಯಾರವನ್ನು ಗೋಡೆಯ ಕಡೆ ಮುಖ ಮಾಡಿ ನೇತುಹಾಕುತ್ತಾರೆ. ಬೆಳಗಿನಿಂದ ಕತ್ತಲಾಗುವವರೆಗೆ ತಾರಸಿಯಲ್ಲೇ ವಾಸ. ಅಣ್ಣ ಒಂದೇ ಒಂದು ಬಟ್ಟೆ ತೆಗೆದುಕೊಳ್ಳುತ್ತಾರೆ, ಅದಕ್ಕೆ ಕೂಲಿ ಇಲ್ಲ. ಆ ದಿನ ದೀಪ ಹಚ್ಚುವಂತಿಲ್ಲ. "ಬೇಗ" ಎಂಬ ಮಾತು ಆಡುವಂತಿಲ್ಲ. ಬಾಯಿ ತಪ್ಪಿ ಆಡಿದವರು ಮೂರು ಮಹಡಿ ಇಳಿದು ಒಂದು ಬಿಂದಿಗೆ ನೀರು ಹೊತ್ತು ತಂದು ಗಿಡಗಳಿಗೆ ಹಾಕಬೇಕು. ಕಳೆದ ಏಳು ವರ್ಷದಿಂದ ನನ್ನನ್ನೂ ಕರೆಯುತ್ತಾರೆ. ಮೊದಲ ವರ್ಷ ನಾನು ನಾಲ್ಕು ಬಿಂದಿಗೆ ಹೊತ್ತೆ.

ಎರಡು ವರ್ಷದ ಹಿಂದೆ ಅಣ್ಣ ಕನ್ನಡಕ ತೆಗೆದಿಟ್ಟರು. ಹತ್ತಿರದ್ದೆಲ್ಲ ಬರಿಗಣ್ಣಿಗೇ ಕಾಣತೊಡಗಿತ್ತು. ಕೂದಲಿನಂಥ ಎಳೆಯನ್ನು ಸೂಜಿಗೆ ಒಂದೇ ಸಲಕ್ಕೆ ಪೋಣಿಸಿ, "ನೋಡು ತಂಗಿ, ಕಣ್ಣು ಹಿಂದಕ್ಕೆ ಓಡ್ತಿದೆ," ಎಂದು ನಕ್ಕಿದ್ದರು. ಅಕ್ಕ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದರು. "ನಮ್ಮ ಪುಟ್ಟಂಗೆ ಕಣ್ಣಿಗೆ ಪ್ರಾಯ ಬಂದಿದೆ. ಬುದ್ಧಿಗೆ ಯಾವಾಗ ಬರತ್ತೋ!"

ಹಾಗಿರುವಾಗ ಈ ವರ್ಷ ಬೇಸಿಗೆಯ ಆರಂಭದಲ್ಲಿ ವಕೀಲರೊಬ್ಬರು ತಮ್ಮ ಕಡುನೀಲಿ ಕೋಟನ್ನು ವಾಪಸು ತಂದರು. ಪಾಪ, ಅವರಿಗೇ ಸಂಕೋಚ.

"ಅಣ್ಣ, ಕೋಣೆ ಒಳಗೆ ಏನೂ ಗೊತ್ತಾಗ್ಲಿಲ್ಲ. ಬಿಸಿಲಲ್ಲಿ ನಿಂತಾಗ ನನ್ನ ಹೆಂಡತಿ, ಜೇಬಿನ ಹತ್ರ ಇರುವೆ ಕೂತಿದೆ ಒದರಿ ಅಂದ್ಳು. ಒದರಿದೆ. ಹೋಗ್ಲಿಲ್ಲ."

ನಾನು ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನೀಲಿಯ ಮೇಲೆ ಅಚ್ಚಗಪ್ಪಿನ ಒಂದು ರಫು. ಹೆಣಿಗೆ ಮಾತ್ರ ಮುತ್ತಿನಂತಿತ್ತು. ನಲವತ್ತೆಂಟು ವರ್ಷದಲ್ಲಿ ವಾಪಸು ಬಂದ ಮೊದಲ ಬಟ್ಟೆ. ಅಣ್ಣ ಅದನ್ನು ಬಿಚ್ಚಿ, ಕೋಟಿನ ಕಾಲರಿನ ಒಳಗಿನಿಂದ ಕಷ್ಟಪಟ್ಟು ನಾಲ್ಕು ಎಳೆ ಕಿತ್ತು ಮತ್ತೆ ಮಾಡಿಕೊಟ್ಟರು. ವಕೀಲರು ಹೋದ ಮೇಲೆ ಬಾಗಿಲು ಅರ್ಧ ಎಳೆದು ನನ್ನೆದುರು ಕೂತರು.

"ತಂಗಿ, ನಿಂಗೊಂದು ಮಾತು ಹೇಳ್ತೀನಿ. ಅಕ್ಕಂಗೆ ಹೇಳ್ಬೇಡ." ನಾನು ಸೂಜಿ ಇಟ್ಟೆ. "ಎಳೆ, ನೇಯ್ಗೆ, ಎಲ್ಲಾ ಕಾಣತ್ತೆ. ಬಣ್ಣ ಹೋಗಿದೆ. ನೀಲಿಗೂ ಕಪ್ಪಿಗೂ ವ್ಯತ್ಯಾಸ ಗೊತ್ತಾಗಲ್ಲ. ಒಂದೂವರೆ ವರ್ಷ ಆಯ್ತು. ಇಸ್ಪೀಟೆಲೆ ಅಂಕಿ ನೋಡಿ ಕೆಲಸ ಮಾಡ್ತಿದೀನಿ. ಬಂದೋರನ್ನ ಮಾತಲ್ಲೇ ಹಿಡಿದು, ಯಾವ ಬಣ್ಣದ ಕೋಟು ಇದು, ಎಲ್ಲಿ ಕೊಂಡ್ರಿ ಅಂತ ಕೇಳ್ಕೊಂಡು, ಎಲೆ ತೆಗೀತೀನಿ. ಕಣ್ಣು ಹೋದ್ರೂ ನೆನಪಿದೆಯಲ್ಲಾ ಅಂದ್ಕೊಂಡಿದ್ದೆ. ಕಡುನೀಲಿ ಕಳಾವರ್ ಎಂಟು. ನಲವತ್ತು ವರ್ಷದಿಂದ ಕಳಾವರ್ ಎಂಟು. ಇವತ್ತು ನೋಡಿದ್ರೆ ಅದೂ ಇಲ್ಲ. ನೆನಪೂ ಹೋಯ್ತು."

"ಡಾಕ್ಟರ್ ಹತ್ರ ಹೋಗೋಣ ಅಣ್ಣ."

"ಹೋಗಿ? ಆಗಲ್ಲ ಅಂತ ಅವನು ಹೇಳಿದ್ರೆ? ಕೇಳದೆ ಇದ್ರೆ ಇನ್ನೂ ಒಂದಿಷ್ಟು ಆಸೆ ಉಳಿಯತ್ತೆ."

ಆ ದಿನ ನನ್ನ ಪ್ರಾರ್ಥನೆಯಲ್ಲಿ ಅಣ್ಣನ ಕಣ್ಣನ್ನೂ ಸೇರಿಸಿಕೊಂಡೆ. ಬೇರೇನು ಮಾಡಬೇಕೆಂದು ತೋಚಲಿಲ್ಲ. ಅಣ್ಣ ಕಡುಬಣ್ಣದ ಬಟ್ಟೆ ತೆಗೆದುಕೊಳ್ಳುವುದನ್ನೇ ಬಿಟ್ಟರು. ಕೇಳಿದವರಿಗೆ ಕೈ ನೋವು ಎಂದರು.

ದೊಡ್ಡ ಹಗಲಿಗೆ ಒಂದು ವಾರವಿದ್ದಾಗ ನರ್ಸಮ್ಮ ಬಂದರು. ಈ ಬೀದಿಯ ಅರ್ಧ ಜನ ಹುಟ್ಟಿದ್ದು ನರ್ಸಮ್ಮನ ಕೈಯಲ್ಲಿ. ಹುಟ್ಟಿದ ಪ್ರತಿಯೊಂದು ಮಗುವನ್ನೂ ಅವರು ಮೊದಲು ಸುತ್ತುತ್ತಿದ್ದುದು ತಮ್ಮದೇ ಒಂದು ನೀಲಿ ಉಣ್ಣೆ ಶಾಲಿನಲ್ಲಿ. ಒಮ್ಮೆ ಪಕ್ಕದ ಟೈಲರ್ ಯಾವುದೋ ಕುಪ್ಪಸದ ವಿಷಯಕ್ಕೆ ಅವರೊಡನೆ ಜೋರು ಮಾಡಿದಾಗ, "ಸುಮ್ನಿರಪ್ಪ, ನಿನ್ನ ಮೊದಲ ಅಳತೆ ತಗೊಂಡೋಳು ನಾನು," ಎಂದು ಬಾಯಿ ಮುಚ್ಚಿಸಿದ್ದರು.

ಶಾಲು ಮೇಜಿನ ಮೇಲೆ ಹರಡಿತು. ಅಂಚಿನಲ್ಲಿ ತಿಳಿ ಆಕಾಶ, ಒಳಗೆ ಹೋದಂತೆ ಗಾಢವಾಗುತ್ತಾ ನಡುವೆ ಕಡುನೀಲಿ. ಪೆಟ್ಟಿಗೆಯಲ್ಲಿ ನುಸಿ ತಿಂದು ಒಂಬತ್ತು ತೂತಾಗಿತ್ತು.

"ಮೊಮ್ಮಗಳಿಗೆ ದಿನ ತುಂಬಿದೆ ಅಣ್ಣ. ಊರ ಮಕ್ಕಳನ್ನೆಲ್ಲಾ ಸುತ್ತಿದ್ದು. ನನ್ನ ಮನೆ ಮಗುಗೆ ಹರಕಲು ಆಗಬಾರದು ನೋಡು. ನಿನ್ನ ದೊಡ್ಡ ಹಗಲಿಗೆ ಇದನ್ನ ತಗೊಳ್ತೀಯಾ?"

ಅಣ್ಣ ಶಾಲನ್ನು ಸವರಿದರು. ಇಲ್ಲ ಎನ್ನುತ್ತಾರೆ ಎಂದುಕೊಂಡೆ. "ಇಟ್ಟು ಹೋಗಮ್ಮ," ಎಂದರು.

ನರ್ಸಮ್ಮ ಹೋದ ಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ಇದು ಸರಿಬಂದ್ರೆ ಅಂಗಡಿ ಬೋರ್ಡ್ ಇರತ್ತೆ. ಬರಲಿಲ್ಲ ಅಂದ್ರೆ ಮಾರನೇ ದಿನ ಇಳಿಸ್ತೀನಿ. ಅಕ್ಕಂಗೆ ಆಗ ಹೇಳಿದ್ರಾಯ್ತು."

ದೊಡ್ಡ ಹಗಲು ಬಂತು. ನಾನು ಹತ್ತುವಾಗ ಆಕಾಶ ಇನ್ನೂ ಬೂದಿ ಬಣ್ಣದಲ್ಲಿತ್ತು. ಅಕ್ಕ ಚಾಪೆ ಹಾಸಿ, ಒಂದು ತಟ್ಟೆಯಲ್ಲಿ ಬ್ರೆಡ್ಡು, ಹಣ್ಣು ಜೋಡಿಸಿ, ಪಾತ್ರೆಗೆ ಬಟ್ಟೆ ಮುಚ್ಚುತ್ತಿದ್ದರು. ತಾರಸಿಯ ಕಟ್ಟೆಗೆ ಹಿತ್ತಲಿನ ಹಿಪ್ಪುನೇರಳೆ ಮರ ಒರಗಿಕೊಂಡಿದೆ. ಆ ಹೊತ್ತಿಗೆ ಹಣ್ಣು ಬಲಿತು ತಾನಾಗಿ ಉದುರುತ್ತದೆ. ಗುಬ್ಬಿಗಳು ಎದ್ದು ಜಗಳ ಶುರುಮಾಡಿದ್ದವು. ನಾವು ಮೂವರೂ ಪೂರ್ವದ ಕಡೆ ಕೂತೆವು. ಎದುರು ಮನೆಯ ನೀರಿನ ಟ್ಯಾಂಕಿನ ಅಂಚು ಮೊದಲು ಕೆಂಪಾಯಿತು, ಆಮೇಲೆ ಹಿಪ್ಪುನೇರಳೆಯ ತುದಿ, ಆಮೇಲೆ ಅಕ್ಕನ ಬಿಳಿ ಕೂದಲು. ನಾನು ಕಣ್ಣು ಮುಚ್ಚಿ ನನ್ನ ನಾಲ್ಕು ಮಾತು ದೇವರಿಗೆ ಹೇಳಿಕೊಂಡೆ. ಮುಚ್ಚಿದ ರೆಪ್ಪೆಯ ಮೇಲೂ ಬೆಳಕು ಬಂದು ಕೂತಿತು.

ಅಣ್ಣ ಅವಸರ ಮಾಡಲಿಲ್ಲ. ಮೊದಲು ಒಂದು ಇರುವೆ ಸಾಲನ್ನು ನೋಡಿದರು. ಕಟ್ಟೆಯ ಬಿರುಕಿನಿಂದ ಹೊರಟು ಬಿದ್ದ ಹಣ್ಣೊಂದರವರೆಗೆ ಅದು ಹೋಗುತ್ತಿತ್ತು. "ಹೋದ ವರ್ಷ ಬಿರುಕಿನ ಈ ಕಡೆ ಇದ್ವು. ಮನೆ ಬದಲಾಯಿಸಿದಾವೆ," ಎಂದರು.

"ನಿನ್ನ ಹಾಗಲ್ಲ. ನಲವತ್ತು ವರ್ಷದಿಂದ ಅದೇ ಕುರ್ಚಿ," ಎಂದರು ಅಕ್ಕ.

ಬಿಸಿಲು ಚಾಪೆಯ ಮಧ್ಯಕ್ಕೆ ಬಂದಾಗ ಅಣ್ಣ ಶಾಲು ಬಿಚ್ಚಿ, ಡಬ್ಬಿ ತೆರೆದರು. ಬೆರಳು ಎಲೆಗಳ ಮೇಲೆ ಓಡಿ ಕಳಾವರ್ ಎಂಟರ ಮೇಲೆ ನಿಂತಿತು, ಹಿಂಜರಿಯಿತು. ಮತ್ತೆ ಅದನ್ನೇ ಎತ್ತಿದರು. ಎಳೆ ಬಿಚ್ಚಿ, ಸೂಜಿಗೆ ಪೋಣಿಸಿ, ನಡುವಿನ ದೊಡ್ಡ ತೂತಿಗೆ ಉದ್ದದ ಎಳೆಗಳನ್ನು ಎಳೆಯತೊಡಗಿದರು. ಆರನೆಯ ಎಳೆಗೆ ಬಿಸಿಲು ನೇರವಾಗಿ ಬಿತ್ತು.

ಕಪ್ಪು. ಇರುವೆಯಂತೆ ಕಪ್ಪು.

ಅಕ್ಕ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಆ ಬಾಯಿ ಹಾಗೆ ಮುಚ್ಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆ ಮೌನದಲ್ಲೇ ಅಣ್ಣನಿಗೆ ಎಲ್ಲ ತಿಳಿಯಿತು. ಸೂಜಿಯನ್ನು ಮೆಲ್ಲಗೆ ಚಾಪೆಗೆ ಚುಚ್ಚಿದರು.

"ತಪ್ಪಾಗಿದೆ ಅಲ್ವಾ?"

"ಪುಟ್ಟಾ, ಇದು ನೀಲಿ ಅಲ್ವೋ. ನಿಂಗೆ ಕಾಣ್ತಿಲ್ವಾ?"

"ಇಲ್ಲ ಅಕ್ಕ. ಒಂದೂವರೆ ವರ್ಷ ಆಯ್ತು." ಆಮೇಲೆ ಎಲ್ಲವನ್ನೂ ಹೇಳಿದರು. ಎಲೆಯ ಅಂಕಿ ನೋಡಿ ಮಾಡುತ್ತಿದ್ದುದನ್ನು, ಕೋಟು ವಾಪಸು ಬಂದದ್ದನ್ನು, ಬೋರ್ಡನ್ನು. "ಅಂಕಿನೂ ಮರೆತುಹೋಗಿದೆ. ಕಳಾವರ್ ಎಂಟು ಅಂತ ಆಣೆ ಮಾಡಿ ಹೇಳ್ತಿದ್ದೆ."

ಆಗ ನನಗೆ ಹೊಳೆಯಿತು. ಚಳಿಗಾಲದಲ್ಲಿ ಅಕ್ಕ ನನಗೊಂದು ಗುಟ್ಟು ಹೇಳಿದ್ದರು. ಅಣ್ಣ ಹೇಳಿದ್ದು ಇನ್ನೊಂದು. ಎರಡನ್ನೂ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಎರಡು ಬೇರೆ ಜೇಬಿನಲ್ಲಿ ಇಟ್ಟುಕೊಂಡು, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿರಲೇ ಇಲ್ಲ. ಕೊಟ್ಟ ಮಾತು ಮುರಿಯಲು ಮನಸ್ಸಾಗಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ.

"ಅಕ್ಕ, ಚಳಿಗಾಲದಲ್ಲಿ ಆ ಎಲೆಗಳನ್ನ ನೀವು ಎಲ್ಲಿ ಕೂತ್ಕೊಂಡು ಸುತ್ತಿದ್ರಿ?"

ಅಕ್ಕ ನನ್ನನ್ನೇ ನೋಡಿದರು. ನಂತರ ಡಬ್ಬಿಯನ್ನು ನೋಡಿದರು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು.

"ಯಾವ ಎಲೆ? ಯಾರು ಸುತ್ತಿದ್ದು?" ಎಂದರು ಅಣ್ಣ.

"ಅಡುಗೆಮನೇಲಿ," ಅಕ್ಕನ ದನಿ ಅಷ್ಟು ಸಣ್ಣಗಾಗಬಲ್ಲದೆಂದು ನಾನು ತಿಳಿದಿರಲಿಲ್ಲ. "ಟ್ಯೂಬ್‌ಲೈಟ್ ಕೆಳಗೆ."

ಆದದ್ದು ಇಷ್ಟು. ಚಳಿಗಾಲದಲ್ಲಿ ಅಣ್ಣ ಎರಡು ದಿನ ನೆಂಟರ ಮನೆಗೆ ಹೋಗಿದ್ದಾಗ ಪೈಪು ಒಡೆದು ಅಂಗಡಿಯ ಗೂಡಿಗೆ ನೀರು ಇಳಿದಿತ್ತು. ಡಬ್ಬಿ ತುಂಬಿ ಇಸ್ಪೀಟೆಲೆಗಳು ನೆನೆದು ಮುದ್ದೆಯಾಗಿದ್ದವು. ತಮ್ಮ ನೊಂದುಕೊಳ್ಳುತ್ತಾನೆಂದು ಅಕ್ಕ ಎಳೆಗಳನ್ನು ಒಣಗಿಸಿ, ಹೊಸ ಕಟ್ಟು ಕೊಂಡುತಂದು, ಯಾವ ಎಲೆಯ ಮೇಲೆ ಯಾವ ಬಣ್ಣವಿತ್ತೋ ಅದೇ ಎಲೆಯ ಮೇಲೆ ಅದನ್ನೇ ಮತ್ತೆ ಸುತ್ತಿದ್ದರು. ಹೊಸ ಎಲೆ ಹೊಳೆಯುತ್ತದೆ, ಗುರುತು ಸಿಗುತ್ತದೆ ಎಂದು ಒಂದೊಂದನ್ನೂ ಚಹಾ ನೀರಿನಲ್ಲಿ ಅದ್ದಿ ಹಳೆಯದು ಮಾಡಿದ್ದರು.

"ಚಹಾದಲ್ಲಿ ಅದ್ದಿದ್ಯಾ?"

"ಸಕ್ಕರೆ ಹಾಕ್ಲಿಲ್ಲ. ಇರುವೆ ಬರತ್ತೆ ಅಂತ."

ಅಣ್ಣ ಕಳಾವರ್ ಎಂಟನ್ನು ಮೂಗಿನ ಹತ್ತಿರ ತಂದು ಮೂಸಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಅಷ್ಟರಲ್ಲಿ ಅಕ್ಕ ಅಳತೊಡಗಿದ್ದರು.

"ನಲವತ್ತೆಂಟು ವರ್ಷ ನಿನ್ನ ಜೊತೆ ದೊಡ್ಡ ಹಗಲು ಕೂತಿದೀನಿ. ಬಲ್ಬು ಸುಳ್ಳು ಹೇಳತ್ತೆ ಅಂತ ನೀನು ಸಾವಿರ ಸಲ ಹೇಳಿದೀಯ. ಹೋಗಿ ಹೋಗಿ ಅದರ ಕೆಳಗೇ ಕೂತೆನಲ್ಲೋ! ನೀನು ಮೂರು ತಿಂಗಳು ಒಳಗೊಳಗೇ ಕೊರಗಿದೀಯ, ನಾನು ಬೀದಿಗೆಲ್ಲಾ ನಿನ್ನ ಕಣ್ಣಿಗೆ ಪ್ರಾಯ ಬಂದಿದೆ ಅಂತ ಡಂಗುರ ಹೊಡೀತಿದ್ದೆ."

"ಅಳಬೇಡ ಅಕ್ಕ. ನೆನಪು ಹೋಗಿಲ್ಲ ಅಂತಾಯ್ತಲ್ಲ. ಅರ್ಧ ಮನುಷ್ಯ ವಾಪಸ್ ಬಂದ."

"ಇನ್ನರ್ಧ?"

ಅಣ್ಣ ಕಳಾವರ್ ಎಂಟನ್ನು ಡಬ್ಬಿಗೆ ಹಾಕಿದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು. "ಈಗಲೇ ಎಲ್ಲಾ ಸರಿ ಮಾಡೋಣ. ಬಾ, ಬೇಗ ಬೇಗ..."

ಅಕ್ಕ ನಾಲಿಗೆ ಕಚ್ಚಿಕೊಂಡರು.

"ಎರಡು ಬಿಂದಿಗೆ," ಎಂದರು ಅಣ್ಣ.

ಎಪ್ಪತ್ತೆರಡರ ಅಕ್ಕ ಮರುಮಾತಾಡದೆ ಕೆಳಗಿಳಿದರು. ನಾನು ಹೋಗುತ್ತೇನೆ ಎಂದರೆ ಬಿಡಲಿಲ್ಲ. ಅರ್ಧರ್ಧ ಬಿಂದಿಗೆಯಂತೆ ನಾಲ್ಕು ಸಲ ಹತ್ತಿಳಿದು ಪುದೀನದ ಕುಂಡಕ್ಕೂ ಉಳಿದ ಕುಂಡಗಳಿಗೂ ನೀರು ಹಾಕಿದರು. ಆ ಹೊತ್ತಿಗೆ ಅವರ ಅಳು ನಿಂತು, ಉಸಿರು ಮಾತ್ರ ಏರಿತ್ತು. ಈ ನಿಯಮ ಮಾಡಿದ್ದು ಯಾಕೆಂದು ನನಗೆ ಅಂದು ಗೊತ್ತಾಯಿತು.

ಒಂದು ಬಿಳಿಯ ಹಾಸು ಹಾಸಿ ಐವತ್ತೆರಡು ಎಲೆಗಳನ್ನೂ ಬಿಸಿಲಿಗೆ ಹರಡಿದೆವು. ಅಣ್ಣ ಕಣ್ಣು ಮುಚ್ಚಿ ಕೂತು ಎಲೆಯ ಹೆಸರು ಹೇಳುವುದು, ಅಕ್ಕ ಎಳೆಯನ್ನು ಬೆಳಕಿಗೆ ಹಿಡಿದು ಬಣ್ಣ ಹೇಳುವುದು.

"ಆಟೀನ್ ರಾಣಿ."

"ಗುಲಾಬಿ. ಒಣಗಿದ ಗುಲಾಬಿ."

"ಸರಿ. ಇಸ್ಪೀಟ್ ಗುಲಾಮ."

"ಕಂದು."

"ಎಂಥ ಕಂದು? ಕಂದು ಅಂದ್ರೆ ಊರು ಹೇಳಿದ ಹಾಗೆ. ಮನೆ ಹೇಳು."

ಅಕ್ಕ ಮತ್ತೆ ನೋಡಿದರು. "ಮಳೆಗೆ ನೆನೆದ ಮರದ ತೊಗಟೆ."

"ಹಾಂ. ಸರಿ."

ಅಣ್ಣನಿಗೆ ಐವತ್ತೆರಡೂ ನೆನಪಿದ್ದವು. ಒಂದೂ ತಪ್ಪಲಿಲ್ಲ. ಅಕ್ಕ ಸುತ್ತಿದ್ದರಲ್ಲಿ ತಪ್ಪಿದ್ದು ಏಳು ಎಲೆ ಮಾತ್ರ, ಏಳೂ ಕಡುಬಣ್ಣದವು. ಕಡುನೀಲಿಯು ಇಸ್ಪೀಟ್ ಎಂಟಕ್ಕೆ ಹೋಗಿತ್ತು, ಅಲ್ಲಿರಬೇಕಿದ್ದ ಕಪ್ಪು ಕಳಾವರ್ ಎಂಟಕ್ಕೆ. ಕಡುಹಸಿರು, ಕಡುನೇರಳೆ, ಕಾಫಿ ಬೀಜದ ಬಣ್ಣ, ಎಲ್ಲ ಮನೆ ತಪ್ಪಿ ಕೂತಿದ್ದವು. ನಾನು ಬಿಚ್ಚಿ ಬಿಚ್ಚಿ ಸರಿಯಾದ ಎಲೆಗೆ ಸುತ್ತಿದೆ. ಕೊನೆಗೆ ಅಣ್ಣ ಜೋಕರ್ ಎತ್ತಿ, "ಇದು?" ಎಂದರು. ಅಕ್ಕ ಬಹಳ ಹೊತ್ತು ಅದನ್ನು ತಿರುಗಿಸಿದರು. "ಇದು ನಂಗೂ ಗೊತ್ತಿಲ್ಲ ಕಣೋ," ಎಂದರು. ಅಣ್ಣನಿಗೆ ತೃಪ್ತಿಯಾಯಿತು.

ಅಷ್ಟರಲ್ಲಿ ಬಟ್ಟೆ ಒಣಹಾಕುವ ಕಂಬದ ನೆರಳು ಕುಗ್ಗಿ ತನ್ನ ಗೆರೆಗೆ ಬಂದಿತ್ತು. ಆ ಗೆರೆಯನ್ನು ಅಕ್ಕ ವರ್ಷ ವರ್ಷ ಸೀಮೆಸುಣ್ಣದಿಂದ ತಿದ್ದುತ್ತಾರೆ. ನಡುಹಗಲಿನ ನೆರಳು ಅಲ್ಲಿಗೇ ಬಂದು ಮುಟ್ಟುತ್ತದೆ, ಒಂದು ಬೆರಳೂ ಆಚೀಚೆ ಇಲ್ಲ. ಅರ್ಧ ದಿನ ಕಳೆದಿತ್ತು. ಒಂಬತ್ತು ತೂತುಗಳೂ ಹಾಗೇ ಇದ್ದವು. ನಾನು ಅವನ್ನು ಮತ್ತೊಮ್ಮೆ ಎಣಿಸಿದೆ. ಅಕ್ಕತಮ್ಮ ಮಾತ್ರ ನಿಶ್ಚಿಂತರಾಗಿ ಬ್ರೆಡ್ಡು ತಿಂದು, ಉದುರಿದ ಹಿಪ್ಪುನೇರಳೆಯನ್ನು ಬಾಯಿಗೆ ಹಾಕಿಕೊಂಡು, ಮರದ ನೆರಳಿನಲ್ಲಿ ಕಾಲು ಚಾಚಿದರು. ಅಣ್ಣ ಒಂದು ನಿದ್ದೆಯನ್ನೂ ತೆಗೆದರು. ಅವರ ಬಿಳಿ ಅಂಗಿಯ ಮೇಲೆ ಹಣ್ಣೊಂದು ಬಿದ್ದು ನೇರಳೆ ಕಲೆಯಾಯಿತು. ಅಕ್ಕ ಒಂದು ಕಾಯಿ ಕಿತ್ತು, ಅರೆದು ಅದರ ಮೇಲೆ ತಿಕ್ಕಿದರು. "ಹಣ್ಣಿನ ಕಲೆಗೆ ಅದರ ಕಾಯಿನೇ ಮದ್ದು," ಎಂದರು. ಕಲೆ ಮಾಸಿತು. ಅಣ್ಣನಿಗೆ ಎಚ್ಚರವಾಗಲಿಲ್ಲ.

ಎದ್ದ ಮೇಲೆ ಆ ಆರು ಕಪ್ಪು ಎಳೆಗಳನ್ನು ಕಿತ್ತು ಕೆಲಸ ಹಿಡಿದರು. ಅಕ್ಕ ಪಕ್ಕದಲ್ಲಿ ಮಂಡಿ ತಾಗಿಸಿ ಕೂತರು. ಒಂದೊಂದು ತೂತಿನ ಅಂಚನ್ನೂ ಬೆಳಕಿಗೆ ಹಿಡಿದು, ಎಲೆಗಳನ್ನು ಅದರ ಪಕ್ಕ ಇಟ್ಟು ಇಟ್ಟು ನೋಡಿ ಕೊಡುವುದು ಅವರು. ನೇಯುವುದು ಅಣ್ಣ. ಒಂದು ತೂತಿಗೆ ಒಂದೇ ನೀಲಿ ಸಾಲದು. ಶಾಲು ಗಾಢವಾಗುವ ಕಡೆಗೆ ಎರಡು ಎಳೆ ಇಂಥದು, ಒಂದು ಎಳೆ ಅಂಥದು. ಎಕ್ಸ್‌ಚೇಂಜಿನಲ್ಲಿ ಒಂದು ಊರಿನ ತಂತಿಯನ್ನು ಇನ್ನೊಂದು ಊರಿಗೆ ಸಿಕ್ಕಿಸುತ್ತಿದ್ದ ಕೈ ಅದು. ಬಣ್ಣಕ್ಕೆ ಬಣ್ಣ ಸಿಕ್ಕಿಸಲು ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೂರನೆಯ ತೂತಿನ ಹೊತ್ತಿಗೆ ಅಣ್ಣ ಕೇಳುವ ಮೊದಲೇ ಎಳೆ ಕೊಡುತ್ತಿದ್ದರು. ಜೇನುನೊಣವೊಂದು ಪುದೀನದ ಹೂವಿನಿಂದ ಹೂವಿಗೆ ಹೋಗುವ ಸದ್ದೂ ಕೇಳುತ್ತಿತ್ತು.

ಬಿಸಿಲು ಜೇನು ಬಣ್ಣಕ್ಕೆ ತಿರುಗಿತು. ಏಳು ತೂತು ಮುಗಿದವು. ಟ್ಯಾಂಕಿನ ನೆರಳು ಉದ್ದವಾಗಿ ನಮ್ಮನ್ನು ದಾಟಿತು. ಎಂಟು. ಹಿಪ್ಪುನೇರಳೆಯ ತುದಿಯಲ್ಲಿ ಮಾತ್ರ ಬೆಳಕು ಉಳಿದಿದ್ದಾಗ ಅಣ್ಣ ಒಂಬತ್ತನೆಯದರ ಕೊನೆಯ ಎಳೆಯನ್ನು ಹಲ್ಲಿನಲ್ಲಿ ಕಡಿದರು. ಬೇರೆ ಯಾವ ದಿನವಾಗಿದ್ದರೂ ಎಲೆಗಳನ್ನು ಜೋಡಿಸುವಷ್ಟರಲ್ಲೇ ಸಂಜೆಯಾಗಿಬಿಡುತ್ತಿತ್ತು.

ಶಾಲು ಒಯ್ಯಲು ನರ್ಸಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದರು. ಶಾಲನ್ನು ಇನ್ನೂ ಬೆಳಕಿದ್ದ ಪಶ್ಚಿಮದ ಕಟ್ಟೆಗೆ ಒಯ್ದು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿನಲ್ಲಿ ಸವರಿದರು.

"ಎಲ್ಲಿದ್ವಣ್ಣ ತೂತು? ಬೇರೆ ಶಾಲು ಕೊಡ್ತಿದೀಯೋ ಏನು?"

ಅಕ್ಕ ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿದರು. "ಬೋರ್ಡ್ ಉಳೀತಲ್ಲೋ!"

"ಇದು ಲೆಕ್ಕಕ್ಕಿಲ್ಲ ಅಕ್ಕ. ಕಣ್ಣು ನಿನ್ನದು. ದಿನಾ ನಿನ್ನನ್ನ ಅಂಗಡೀಲಿ ಕಟ್ಟಿಹಾಕೋಕೆ ಆಗತ್ತಾ? ನಿನ್ನ ಬಾಯಿಗೆ ಗಿರಾಕಿ ಓಡಿಹೋಗ್ತಾರೆ."

"ಏನದು ಕಣ್ಣಿನ ವಿಚಾರ?" ಎಂದರು ನರ್ಸಮ್ಮ. ಅಕ್ಕ ಹೇಳಿದರು. ನರ್ಸಮ್ಮ ಅಣ್ಣನ ಗಲ್ಲ ಹಿಡಿದು, ಮಗುವಿನದನ್ನು ತಿರುಗಿಸುವಂತೆ ಮುಖವನ್ನು ಬೆಳಕಿಗೆ ತಿರುಗಿಸಿದರು.

"ಕನ್ನಡಕ ಯಾವಾಗ ಬಿಟ್ಟೆ?"

"ಎರಡು ವರ್ಷ ಆಯ್ತು. ಹತ್ತಿರದ್ದು ಚೆನ್ನಾಗಿ ಕಾಣೋಕೆ ಶುರುವಾಯ್ತು."

"ಈ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ಚೆನ್ನಾಗಿ ಕಂಡ್ರೆ ಖುಷಿ ಪಡಬಾರದು, ಡಾಕ್ಟರಿಗೆ ತೋರಿಸ್ಬೇಕು. ಪೊರೆ ಬರೋವಾಗ ಕೆಲವರಿಗೆ ಹಾಗಾಗತ್ತೆ. ಹತ್ತಿರದ್ದು ಕಾಣತ್ತೆ, ನೀಲಿ ಹೋಗತ್ತೆ. ನಮ್ಮ ಮಾವಂಗೂ ಹೀಗೇ ಆಗಿತ್ತು. ಪೊರೆ ತೆಗೆಸಿದ ಮೇಲೆ ಹೊರಗೆ ಬಂದು ಆಕಾಶ ನೋಡಿ, ಇದಕ್ಕೆ ಇಷ್ಟೊಂದು ಬಣ್ಣ ಬಳಿದೋರು ಯಾರು ಅಂತ ಕೇಳಿದ್ರು. ನಿಂದೂ ಅದೇ ಅಂತ ನಾನು ಹೇಳೋ ಹಾಗಿಲ್ಲ, ನಾನು ಹೆರಿಗೆ ಮಾಡ್ಸೋಳು. ತೋರಿಸಿ ನೋಡು."

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ನಿಮ್ಮಕ್ಕ ಇದಾಳೆ. ಒಂಬತ್ತು ತೂತು ಮುಚ್ಚಿದಾಳೆ ಇವತ್ತು."

ಅಣ್ಣ ಎಲೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿದರು. ನರ್ಸಮ್ಮ ಶಾಲನ್ನು ಎದೆಗವಚಿಕೊಂಡು ಇಳಿದು ಹೋದರು. ನಾವು ಮೂವರೂ ಕಡೆಯ ಬೆಳಕು ಹೋಗುವವರೆಗೆ ಕೂತೆವು. ಅದು ಹೋಗುವುದು ಒಮ್ಮೆಗೇ ಅಲ್ಲ. ಮೊದಲು ಹಣ್ಣುಗಳ ಕೆಂಪು ಹೋಯಿತು, ಆಮೇಲೆ ಎಲೆಯ ಹಸಿರು, ಕೊನೆಗೆ ಹಾಸಿನ ಬಿಳಿ. ಆಕಾಶದ ನೀಲಿ ಎಲ್ಲಕ್ಕಿಂತ ಕಡೆಗೆ. ಅಣ್ಣ ತಲೆಯೆತ್ತಿ ಅದನ್ನೇ ನೋಡುತ್ತಿದ್ದರು. ಅವರಿಗೆ ಯಾವ ಬಣ್ಣ ಕಾಣುತ್ತಿತ್ತೋ, ನಾನು ಕೇಳಲಿಲ್ಲ.

ಚಾಪೆ ಸುತ್ತಿಕೊಂಡು ಮನೆಯೊಳಗೆ ಬಂದಾಗ ಅಕ್ಕ ತಡವಿಕೊಂಡು ಹೋಗಿ ಗಡಿಯಾರವನ್ನು ಗೋಡೆಯಿಂದ ಈಚೆ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಅಣ್ಣ ಚಪ್ಪಲಿ ಬಿಡುತ್ತಾ ಹೇಳಿದರು:

"ಅಲಾರಂ ಆರಕ್ಕೆ ಇಡು. ಕಣ್ಣಾಸ್ಪತ್ರೇಲಿ ಚೀಟಿ ಮಾಡಿಸೋಕೆ ಸಾಲು ಇರತ್ತಂತೆ. ಬೇಗ ಹೋಗ್ಬೇ..." ಎಂದವರು ನಿಲ್ಲಿಸಿದರು.

"ಒಂದು ಬಿಂದಿಗೆ," ಎಂದರು ಅಕ್ಕ.

"ಕತ್ತಲಾಯ್ತಲ್ಲ ಅಕ್ಕ, ದಿನ ಮುಗೀತು."

"ನಾನಿನ್ನೂ ದೀಪ ಹಾಕಿಲ್ಲ."

ಪೊರೆಯೇ ಆಗಿತ್ತು. ಒಂದೂವರೆ ತಿಂಗಳ ಮೇಲೆ, ಮೊದಲ ಕಣ್ಣಿನ ಪಟ್ಟಿ ಬಿಚ್ಚಿ ಅಣ್ಣ ಅಂಗಡಿಯಲ್ಲಿ ಕೂತಿದ್ದ ದಿನ, ನರ್ಸಮ್ಮ ಮರಿಮಗಳನ್ನು ಎತ್ತಿಕೊಂಡು ಬಂದರು. ಮಗು ನೀಲಿ ಶಾಲಿನೊಳಗೆ ಮುಷ್ಟಿ ಬಿಗಿದು ಮಲಗಿತ್ತು. ಅಕ್ಕ ಮೇಲಿನಿಂದ ದಡದಡ ಇಳಿದು ಬಂದರು. ಪಕ್ಕದ ಟೈಲರ್ ಕೂಡ ಟೇಪು ಕೊರಳಲ್ಲೇ ಬಿಟ್ಟುಕೊಂಡು ಬಂದು ನಿಂತ. ಎಲ್ಲರೂ ಮಗುವಿನ ಮೂಗು ಯಾರದು, ಹಣೆ ಯಾರದು ಎನ್ನುತ್ತಿದ್ದರೆ ಅಣ್ಣ ಮಗುವಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದರು.

"ಅಕ್ಕಾ."

"ಏನೋ? ಯಾರ ಹಾಗಿದೆ?"

"ಏಳನೇ ತೂತಿಗೆ ನೀನು ಕೊಟ್ಟಿದ್ದು ನವಿಲು ನೀಲಿ. ಅಲ್ಲಿ ಬೇಕಾಗಿದ್ದು ಅದಕ್ಕಿಂತ ಒಂದೆಳೆ ಮಾಸಿದ್ದು."

"ಮೊದಲು ಮಗು ಮುಖ ನೋಡೋ, ಪಾಪಿ!"

ಅಣ್ಣ ಮುಖ ನೋಡಿದರು. ಆದರೆ ಬೆರಳು ಮಾತ್ರ ಶಾಲಿನ ಮೇಲೆ ಆ ಏಳನೆಯ ಜಾಗದಲ್ಲೇ ಇತ್ತು. ಮಗು ಮುಷ್ಟಿ ಬಿಚ್ಚಿ ಆ ಬೆರಳನ್ನು ಹಿಡಿದುಕೊಂಡಿತು.